ಪುಟ್ಟ ಮಕ್ಕಳಿಗೆ ಪುಸ್ತಕ: ಅಂಗಡಿಯಲ್ಲೇ ಬಾಯಿಬಿಟ್ಟು ಓದಿ, ಆಮೇಲೆ ಕೊಳ್ಳಿ

“ಮಗುವಿಗೆ ಎಂಟು ತಿಂಗಳು, ಯಾವ ಪುಸ್ತಕ ತರಲಿ?” “ಮಗಳಿಗೆ ಎರಡು ತುಂಬಿತು, ಕೊಟ್ಟಿದ್ದನ್ನೆಲ್ಲ ಹರಿದು ಹಾಕ್ತಾಳೆ, ಇನ್ನೂ ಸ್ವಲ್ಪ ದಿನ ಕಾಯಲಾ?” “ಕನ್ನಡದಲ್ಲಿ ಇಷ್ಟು ಚಿಕ್ಕ ಮಕ್ಕಳಿಗೆ ಅಂತ ಏನಾದ್ರೂ ಸಿಗುತ್ತಾ?” ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಒಬ್ಬೊಬ್ಬರಿಗೆ ಒಂದೊಂದು ಸಾಲಿನಲ್ಲಿ ಉತ್ತರಿಸಿದರೆ ಯಾರಿಗೂ ಪೂರ್ತಿ ಉಪಯೋಗವಾಗುವುದಿಲ್ಲ. ಆದ್ದರಿಂದ, ಹುಟ್ಟಿದಾಗಿನಿಂದ ಒಂದನೇ ತರಗತಿ ಸೇರುವವರೆಗಿನ ಮಕ್ಕಳಿಗೆ ಪುಸ್ತಕ ಆರಿಸುವ ಬಗೆಯನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ಈ ವಯಸ್ಸಿನ ಮಗು ತಾನಾಗಿ ಓದುವುದಿಲ್ಲ, ನೀವು ಓದಿ ಹೇಳುತ್ತೀರಿ. ನಿಮ್ಮ ನಾಲಿಗೆಗೆ ಒಗ್ಗದ ಪುಸ್ತಕ ಎಷ್ಟೇ ಚೆಂದವಿದ್ದರೂ ಎರಡನೇ ದಿನ ಕಪಾಟು ಸೇರುತ್ತದೆ. ಬಣ್ಣ, ಬೆಲೆ, ಪ್ರಶಸ್ತಿಯ ಮುದ್ರೆ ಇವೆಲ್ಲ ಆಮೇಲಿನ ವಿಷಯ. ದಿನಕ್ಕೆ ಹತ್ತು ಸಲ, ತಿಂಗಳುಗಟ್ಟಲೆ, ಬೇಸರವಿಲ್ಲದೆ ನೀವು ಓದಿ ಹೇಳಬಲ್ಲ ಪುಸ್ತಕವೇ ನಿಮ್ಮ ಮನೆಗೆ ಬೇಕಾದ ಪುಸ್ತಕ. ಮುಂದಿನ ಹಂತಗಳೆಲ್ಲ ಇದನ್ನೇ ಹಿಡಿದುಕೊಂಡು ಹೋಗುತ್ತವೆ.

1. ಹೊದಿಕೆಯ ಮೇಲಿನ ವಯಸ್ಸಿಗಿಂತ ಮಗುವಿನ ಕೈಯನ್ನು ನೋಡಿ

ಪುಸ್ತಕದ ಮೇಲೆ “2+”, “3–5 ವರ್ಷ” ಎಂದು ಅಚ್ಚಾಗಿರುವುದು ಮಾರಾಟದ ಅನುಕೂಲಕ್ಕೆ. ಕೊಳ್ಳುವ ಮುಂಚೆ ಒಂದು ವಾರ ಮಗುವನ್ನು ಗಮನಿಸಿ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆಯೇ? ದಪ್ಪ ಹಾಳೆಯನ್ನು ತಿರುವುತ್ತದೆಯೇ? ಬೆರಳು ಮಾಡಿ ತೋರಿಸುತ್ತದೆಯೇ? “ಆಮೇಲೆ?” ಎಂದು ಕೇಳುತ್ತದೆಯೇ? ಈ ನಾಲ್ಕು ಪ್ರಶ್ನೆಗಳ ಉತ್ತರದಿಂದ ಮುಂದಿನ ನಾಲ್ಕು ಹಂತಗಳಲ್ಲಿ ನಿಮ್ಮ ಮಗು ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಮೂರು ವರ್ಷದ ಮಗು ಇನ್ನೂ ಚಿತ್ರಕ್ಕೆ ಬೆರಳಿಡುವುದರಲ್ಲೇ ಖುಷಿಯಾಗಿದ್ದರೆ ಆ ಹಂತದ ಪುಸ್ತಕವನ್ನೇ ಕೊಡಿ. ಪಕ್ಕದ ಮನೆ ಮಗುವಿನ ಜೊತೆ ಹೋಲಿಸಬೇಡಿ.

2. ಹುಟ್ಟಿದಾಗಿನಿಂದ ಆರು ತಿಂಗಳು: ಪುಸ್ತಕ ಒಂದು ನೆಪ, ದನಿ ಮುಖ್ಯ

ಹಸುಗೂಸಿಗೆ ಸ್ಪಷ್ಟವಾಗಿ ಕಾಣುವುದು ಸುಮಾರು 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದು, ಅಂದರೆ ಹಾಲು ಕುಡಿಸುವಾಗ ಅಮ್ಮನ ಮುಖ ಇರುವಷ್ಟು ದೂರ. ತಿಳಿ ಗುಲಾಬಿ, ತಿಳಿ ನೀಲಿಯ ನಾಜೂಕು ಚಿತ್ರಗಳು ಅದಕ್ಕೆ ಬೇರೆ ಬೇರೆಯಾಗಿ ಕಾಣುವುದಿಲ್ಲ. ಕಪ್ಪು-ಬಿಳಿ ಪಟ್ಟೆ, ದೊಡ್ಡ ಚುಕ್ಕಿ, ಎದುರಿನಿಂದ ಬರೆದ ಮುಖ ಇವನ್ನು ದಿಟ್ಟಿಸಿ ನೋಡುತ್ತದೆ. ಇಂಥ ಪುಸ್ತಕಗಳು ಅಂಗಡಿಯಲ್ಲಿ ದುಬಾರಿ, ಕೊಳ್ಳಲೇಬೇಕೆಂದಿಲ್ಲ. ಬಿಳಿ ರಟ್ಟಿನ ಮೇಲೆ ದಪ್ಪ ಕಪ್ಪು ಮಾರ್ಕರ್‌ನಿಂದ ರಂಗೋಲಿಯ ಎಳೆ ಬರೆದರೂ ಆ ಕೆಲಸ ಆಗುತ್ತದೆ.

ಈ ಹಂತದಲ್ಲಿ ನಿಜವಾಗಿ ಬೇಕಾದ್ದು ಪ್ರಾಸವಿರುವ ಸಣ್ಣ ಪದ್ಯಗಳು. ಬೆರಳು ಮಡಚುತ್ತಾ ಹೇಳುವುದು, ಕಾಲ ಮೇಲೆ ಮಲಗಿಸಿಕೊಂಡು ತೂಗುತ್ತಾ ಹೇಳುವುದು, ಅಂಗೈಯಲ್ಲಿ ಬೆರಳು ಆಡಿಸಿ ಕಚಗುಳಿ ಇಡುತ್ತಾ ಹೇಳುವುದು ಇವೆಲ್ಲ ನಿಮ್ಮ ಅಜ್ಜಿಗೆ ಗೊತ್ತಿರುತ್ತವೆ. ಕೇಳಿ ಬರೆದಿಟ್ಟುಕೊಳ್ಳಿ. ಅದೇ ಮಗುವಿನ ಮೊದಲ ಪುಸ್ತಕ.

ಹೊರದೇಶದಲ್ಲಿರುವವರು ಮತ್ತು ಮನೆಯಲ್ಲಿ ಬರೀ ಇಂಗ್ಲಿಷ್ ಸಾಕೆಂದುಕೊಂಡವರು ಇದನ್ನು ಗಮನಿಸಬೇಕು. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಪ್ರಕಟಿಸಿದ ಪ್ರಸಿದ್ಧ ಅಧ್ಯಯನವೊಂದಿದೆ. ಇಂಗ್ಲಿಷ್ ಮನೆಗಳ ಶಿಶುಗಳು ಆರರಿಂದ ಎಂಟು ತಿಂಗಳಿರುವಾಗ ಹಿಂದಿಯ ‘ತ’ ಮತ್ತು ‘ಟ’ ಸದ್ದುಗಳ ವ್ಯತ್ಯಾಸವನ್ನು ಗುರುತಿಸುತ್ತಿದ್ದವು. ಹತ್ತು-ಹನ್ನೆರಡು ತಿಂಗಳ ಹೊತ್ತಿಗೆ ಆ ಸಾಮರ್ಥ್ಯ ಬಹುಮಟ್ಟಿಗೆ ಇಳಿದುಹೋಗಿತ್ತು. ಕನ್ನಡದಲ್ಲೂ ತ-ಟ, ದ-ಡ, ಲ-ಳ ಬೇರೆ ಬೇರೆ. ಮಗು ಮಾತಾಡಲು ಶುರು ಮಾಡಿದ ಮೇಲೆ ಕನ್ನಡ ಹೇಳಿಕೊಡೋಣ ಎಂದು ಕಾಯಬೇಡಿ. ಕಿವಿಯ ಪಾಠ ಅದಕ್ಕಿಂತ ಮೊದಲೇ ನಡೆದಿರುತ್ತದೆ.

3. ಆರು ತಿಂಗಳಿಂದ ಒಂದೂವರೆ ವರ್ಷ: ಕಚ್ಚಿದರೂ ಉಳಿಯುವ ಪುಸ್ತಕ

ಇಲ್ಲಿ ಬೇಕಾದ್ದು ಬೋರ್ಡ್ ಪುಸ್ತಕ. ಎಲ್ಲ ಪುಟಗಳೂ ದಪ್ಪ ರಟ್ಟಿನಿಂದ ಮಾಡಿರುವ, ಅಂಗೈಯಗಲದ ಪುಸ್ತಕಕ್ಕೆ ಹಾಗೆನ್ನುತ್ತಾರೆ. ಬಟ್ಟೆ ಪುಸ್ತಕವೂ ಆಗುತ್ತದೆ, ಒಗೆಯಬಹುದು. ಒಂದು ಪುಟಕ್ಕೆ ಒಂದೇ ಚಿತ್ರ, ಹಿನ್ನೆಲೆ ಖಾಲಿ ಇರಲಿ. ಹತ್ತು-ಹನ್ನೆರಡು ಪುಟ ಸಾಕು. ಮಗು ನಿತ್ಯ ನೋಡುವ ಲೋಟ, ಚಪ್ಪಲಿ, ಬಾಳೆಹಣ್ಣು, ನಾಯಿ, ಕಾಗೆ, ಬಸ್ಸು ಅದರಲ್ಲಿರಲಿ.

ಅಂಗಡಿಯಲ್ಲಿ ಸಿಗುವ ಅಗ್ಗದ “ಹಣ್ಣುಗಳು” ಪುಸ್ತಕಗಳಲ್ಲಿ ಸ್ಟ್ರಾಬೆರಿ, ಕಿವಿ, ಚೆರ್‍ರಿ ಇರುತ್ತವೆ. ಹಲಸು, ಸೀಬೆ, ಸೀತಾಫಲ ಇರುವುದಿಲ್ಲ. ಮಗು ಚಿತ್ರಕ್ಕೆ ಬೆರಳಿಟ್ಟು, ಆಮೇಲೆ ಅಡುಗೆಮನೆಗೆ ನಡೆದು ಅದೇ ಹಣ್ಣನ್ನು ಮುಟ್ಟುವಂತಿರಬೇಕು. ಅಂಥದ್ದು ಸಿಗದಿದ್ದರೆ ನೀವೇ ಮಾಡಿ. ಅಜ್ಜ, ಅಜ್ಜಿ, ಮನೆಯ ಬಾಗಿಲು, ಊಟದ ತಟ್ಟೆ, ಬೀದಿಯ ನಾಯಿ ಹೀಗೆ ಹತ್ತು ಫೋಟೊ ತೆಗೆದು ಅಚ್ಚು ಹಾಕಿಸಿ, ರಟ್ಟಿಗೆ ಅಂಟಿಸಿ, ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ. ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡುವುದನ್ನು ಮರೆಯಬೇಡಿ, ಲ್ಯಾಮಿನೇಷನ್‌ನ ಚೂಪು ಮೂಲೆ ಕಣ್ಣಿಗೆ ತಗುಲೀತು. ಕನ್ನಡದಲ್ಲಿ ಬೋರ್ಡ್ ಪುಸ್ತಕಗಳು ಕಡಿಮೆ ಎಂಬ ಕೊರಗು ನನಗೂ ಇದೆ. ಆದರೆ ಈ ಮನೆಪುಸ್ತಕದಷ್ಟು ಮಗುವಿಗೆ ಹತ್ತಿರವಾದ ಇನ್ನೊಂದನ್ನು ನಾನು ಕಂಡಿಲ್ಲ.

ಎಚ್ಚರಿಕೆ: ಸದ್ದು ಮಾಡುವ, ದೀಪ ಮಿನುಗುವ ಪುಸ್ತಕಗಳಲ್ಲಿ ಹೆಚ್ಚಾಗಿ ಗುಂಡಿ ಬ್ಯಾಟರಿ ಇರುತ್ತದೆ, ಅಂದರೆ ಅಂಗಿಯ ಗುಂಡಿಯಾಕಾರದ ಚಿಕ್ಕ ಸೆಲ್. ಮಗು ಅದನ್ನು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಟ್ಟ ಹಾಗೆ ಗಾಯವಾಗಬಹುದು. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ತಡಮಾಡದೆ ಆಸ್ಪತ್ರೆಗೆ ಓಡಿ. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಪುಸ್ತಕವನ್ನು ಕೊಳ್ಳಲೇಬೇಡಿ. ಅಂಟಿಸಿದ ಪ್ಲಾಸ್ಟಿಕ್ ಕಣ್ಣು, ಮಣಿ, ಮಿಣಿಮಿಣಿ ಪುಡಿ ಇರುವುದೂ ಬೇಡ. ಭಾರತದಲ್ಲಿ ಆಟಿಕೆಗಳಿಗೆ ಐಎಸ್ಐ ಗುರುತು 2021ರ ಜನವರಿ 1ರಿಂದ ಕಡ್ಡಾಯವಾಗಿದೆ. ಆಟಿಕೆಯ ಹಾಗಿರುವ ಪುಸ್ತಕ ಕೊಳ್ಳುವಾಗ ಆ ಗುರುತನ್ನು ಹುಡುಕಿ.

4. ಒಂದೂವರೆಯಿಂದ ಮೂರು ವರ್ಷ: ಅದೇ ಸಾಲು, ಮತ್ತೆ ಅದೇ ಸಾಲು

ಈ ವಯಸ್ಸಿನಲ್ಲಿ ಮರುಕಳಿಕೆಯೇ ರುಚಿ. “ಬಾಗಿಲು ತೆಗಿ” ಎನ್ನುವಂಥ ಒಂದೇ ಮಾತು ಪುಟಪುಟದಲ್ಲೂ ಬಂದರೆ, ನಾಲ್ಕನೇ ದಿನಕ್ಕೆ ಮಗು ನಿಮಗಿಂತ ಮುಂಚೆ ಅದನ್ನು ಹೇಳುತ್ತದೆ. ಪುಟಕ್ಕೆ ಒಂದೋ ಎರಡೋ ಸಾಲು ಸಾಕು. ಕಥೆ ಸಣ್ಣದಿರಲಿ: ಏನೋ ಕಳೆದುಹೋಯಿತು, ಹುಡುಕಿದರು, ಸಿಕ್ಕಿತು. ಸ್ನಾನ, ಊಟ, ನಿದ್ದೆ, ಸಿಟ್ಟು, ಅಮ್ಮ ಕೆಲಸಕ್ಕೆ ಹೋಗಿ ಸಂಜೆ ಬರುವುದು ಇವೆಲ್ಲ ಮಗುವಿನ ದೊಡ್ಡ ದೊಡ್ಡ ವಿಷಯಗಳೇ.

ಎಲ್ಲರೂ ಎಡವುವುದು ಇಲ್ಲಿ. ಎರಡು ವರ್ಷದ ಮಗುವಿಗೆ ಮೊದಲು ಕೊಳ್ಳುವುದು ಅಕ್ಷರಮಾಲೆಯ ಪುಸ್ತಕ. ‘ಅ’ ಅರಸ, ‘ಈ’ ಈಶ, ‘ಋ’ ಋಷಿ, ‘ಔ’ ಔಷಧ. ಅಕ್ಷರಕ್ಕೆ ಹೊಂದಬೇಕೆಂದು ಹುಡುಕಿ ತಂದ ಪದಗಳಿವು, ಮಗುವಿನ ಬಾಯಿಂದ ಬಂದವಲ್ಲ. ‘ಣ’ ಅಕ್ಷರದಿಂದ ಶುರುವಾಗುವ ಕನ್ನಡ ಪದವೇ ಇಲ್ಲ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ, ಅದರ ಮೇಲೆ ಕಾಗುಣಿತ, ಒತ್ತಕ್ಷರ ಸೇರಿದರೆ ರೂಪಗಳು ನೂರಾರು. ಅದಕ್ಕೆಲ್ಲ ಶಾಲೆಯಲ್ಲಿ ಸಮಯವಿದೆ. ಅಕ್ಕಿಯಲ್ಲಿ ಬರೆಸಿ ಅಕ್ಷರಾಭ್ಯಾಸ ಮಾಡಿಸಿದ್ದರೆ ಸಂತೋಷ, ಮರುದಿನದಿಂದ ತಿದ್ದುವ ಪುಸ್ತಕ ಹಿಡಿಸಬೇಡಿ. ಬೇಕಾದರೆ ಅಕ್ಷರದ ಪುಸ್ತಕವೂ ಒಂದಿರಲಿ, ಆದರೆ ಅದೊಂದೇ ಆಗದಿರಲಿ.

5. ಮೂರರಿಂದ ಆರು ವರ್ಷ: ಈಗ ಕಥೆ

“ಆಮೇಲೆ?”, “ಯಾಕೆ?” ಎಂಬ ಪ್ರಶ್ನೆಗಳು ಶುರುವಾದರೆ ಮಗು ಚಿತ್ರಪುಸ್ತಕಕ್ಕೆ ಸಿದ್ಧ ಎಂದರ್ಥ. ಇದರಲ್ಲಿ ಕಥೆಯ ಅರ್ಧವನ್ನು ಮಾತು ಹೇಳುತ್ತದೆ, ಇನ್ನರ್ಧವನ್ನು ಚಿತ್ರ ಹೇಳುತ್ತದೆ. ಪರೀಕ್ಷೆ ಸುಲಭ. ಅಕ್ಷರಗಳನ್ನು ಕೈಯಿಂದ ಮುಚ್ಚಿ, ಬರೀ ಚಿತ್ರ ನೋಡುತ್ತಾ ಪುಟ ತಿರುವಿ. ಏನು ನಡೆಯುತ್ತಿದೆ ಎಂದು ಸುಮಾರಾಗಿ ತಿಳಿಯಬೇಕು. ಜೊತೆಗೆ ಮಾತಿನಲ್ಲಿ ಇಲ್ಲದ ಏನೋ ಒಂದು ಚಿತ್ರದಲ್ಲಿರಬೇಕು, ಮೂಲೆಯಲ್ಲಿ ಕೂತ ಬೆಕ್ಕೋ, ಕಿಟಕಿಯಾಚೆ ಮಳೆಯೋ. ಮಕ್ಕಳು ಮೊದಲು ಹಿಡಿಯುವುದೇ ಅದನ್ನು.

ಕೊನೆಯಲ್ಲಿ “ನೀತಿ:” ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವ ಸಂಗ್ರಹಗಳನ್ನು ಉಡುಗೊರೆಯಾಗಿ ಕೊಡುವವರು ಬಹಳ. ಪಂಚತಂತ್ರದ ಕಥೆಗಳು ರಾಜಕುಮಾರರಿಗೆ ಲೋಕನೀತಿ ಕಲಿಸಲು ಹುಟ್ಟಿದವು. ಅದರಲ್ಲಿ ಮೋಸವಿದೆ, ಕೊಲೆಯಿದೆ, ಯಾರನ್ನು ನಂಬಬೇಕು ಎಂಬ ಲೆಕ್ಕಾಚಾರವಿದೆ. ಎಂಟು-ಹತ್ತು ವರ್ಷಕ್ಕೆ ಸೊಗಸಾಗಿ ಹಿಡಿಸುತ್ತವೆ. ಮೂರು ವರ್ಷದ ಮಗುವಿಗೆ ಅವನ್ನು ನಾಲ್ಕು ಸಾಲಿಗೆ ಇಳಿಸಿ ಕೊಟ್ಟರೆ ಕಥೆಯೂ ಉಳಿಯುವುದಿಲ್ಲ, ನೀತಿಯೂ ಅರ್ಥವಾಗುವುದಿಲ್ಲ. ಹೇಳಿದ ಮಾತು ಕೇಳದ ಮಗುವಿಗೆ ಶಿಕ್ಷೆಯಾಗುವ ಕಥೆಗಳನ್ನಂತೂ ನಾನು ಪಕ್ಕಕ್ಕಿಡುತ್ತೇನೆ. ಭಯ ಹಾಕಿ ಅನ್ನ ತಿನ್ನಿಸಲು ಪುಸ್ತಕವನ್ನು ಬಳಸಬಾರದು.

6. ಜೋರಾಗಿ ಓದಿ ನೋಡಿ

ಒಂದೇ ಹಂತ ನೆನಪಿಟ್ಟುಕೊಳ್ಳಿ ಎಂದರೆ ಇದನ್ನು ಹೇಳುತ್ತೇನೆ. ಅಂಗಡಿಯಲ್ಲೇ ಮೂರು ಪುಟವನ್ನು ಬಾಯಿಬಿಟ್ಟು ಓದಿ. ನಾಚಿಕೆ ಬೇಡ. ಕಣ್ಣಿನಲ್ಲಿ ಓದಿದರೆ ತಪ್ಪುಗಳು ಕಾಣುವುದಿಲ್ಲ, ನಾಲಿಗೆ ಮಾತ್ರ ಎಡವಿ ತೋರಿಸುತ್ತದೆ.

ಒಂದು ಪುಸ್ತಕದಲ್ಲಿ ಹೀಗಿದೆ ಎಂದುಕೊಳ್ಳಿ: “ಬಾಲಕನು ಅತ್ಯಂತ ಹರ್ಷದಿಂದ ಉದ್ಯಾನವನದ ಕಡೆಗೆ ಧಾವಿಸಿದನು.” ಇನ್ನೊಂದರಲ್ಲಿ: “ಪುಟ್ಟ ಓಡಿದ. ಓಡಿ ಓಡಿ ತೋಟಕ್ಕೆ ಬಂದ.” ಎರಡನೆಯದನ್ನು ಮಗು ಸಂಜೆಯ ಹೊತ್ತಿಗೆ ತಾನೇ ಹೇಳುತ್ತದೆ. ಮೊದಲನೆಯದನ್ನು ನೀವು ಮನಸ್ಸಿನಲ್ಲೇ ಅನುವಾದ ಮಾಡಿಕೊಂಡು ಹೇಳಬೇಕಾಗುತ್ತದೆ.

ಕನ್ನಡದಲ್ಲಿ ಸಿಗುವ ಮಕ್ಕಳ ಪುಸ್ತಕಗಳಲ್ಲಿ ಅನುವಾದಗಳು ಬಹಳ. ಅದು ತಪ್ಪಲ್ಲ, ಒಳ್ಳೆಯ ಅನುವಾದಗಳೂ ಇವೆ. ಕೆಟ್ಟದ್ದನ್ನು ಗುರುತಿಸುವುದು ಹೀಗೆ. “ಅವಳು ಅವಳ ಕೈಗಳನ್ನು ತೊಳೆದುಕೊಂಡಳು” ಎಂದಿದ್ದರೆ ಅನುಮಾನಿಸಿ. ನಾವು “ಕೈ ತೊಳ್ಕೊಂಡಳು” ಎನ್ನುತ್ತೇವೆ, ಇನ್ನೊಬ್ಬರ ಕೈ ತೊಳೆದಳೇನೋ ಎಂಬ ಗೊಂದಲವೇ ಬರುವುದಿಲ್ಲ. ಪ್ರತಿ ವಾಕ್ಯವೂ ‘ಅವನು’, ‘ಅದು’ ಎಂದೇ ಶುರುವಾಗುತ್ತಿದ್ದರೂ ಅಷ್ಟೇ. ಪದ್ಯವಾದರೆ ತೊಡೆ ತಟ್ಟುತ್ತಾ ಓದಿ. ತಾಳ ಮುಗ್ಗರಿಸುವ ಕಡೆ ನಿಲ್ಲಿಸಿ, ಮತ್ತೊಮ್ಮೆ ಓದಿ. ಎರಡನೇ ಸಲವೂ ಮುಗ್ಗರಿಸಿದರೆ ವಾಪಸ್ ಇಡಿ. ಸಾಲಿನ ಕೊನೆಯ ಅಕ್ಷರ ಮಾತ್ರ ಹೊಂದಿಸಿ, ನಡುವೆ ಎಂಟು ಪದ ತುರುಕಿದ ಪದ್ಯ ಮಗುವಿನ ನಾಲಿಗೆಯಲ್ಲಿ ನಿಲ್ಲುವುದಿಲ್ಲ.

ಒಳ್ಳೆಯ ಪುಸ್ತಕದ ಗುರುತು ಏನು? ಕನ್ನಡಕ್ಕೆ ಒಂದು ಸಂಪತ್ತಿದೆ: ಪಟಪಟ, ದಡದಡ, ಜುಳುಜುಳು, ಸರಸರ, ಗುಡುಗುಡು. ವ್ಯಾಕರಣದಲ್ಲಿ ಇವಕ್ಕೆ ಅನುಕರಣಾವ್ಯಯ ಎನ್ನುತ್ತಾರೆ, ಅಂದರೆ ಕೇಳಿದ ಸದ್ದನ್ನೇ ಅನುಕರಿಸಿ ಹೇಳುವ ಪದ. ಇನ್ನೊಂದು ದ್ವಿರುಕ್ತಿ, ಒಂದೇ ಪದವನ್ನು ಎರಡು ಸಲ ಹೇಳುವುದು: ಬಿಸಿಬಿಸಿ, ಮೆಲ್ಲಮೆಲ್ಲನೆ, ಓಡಿ ಓಡಿ. ಇವು ಮಗುವಿನ ಕಿವಿಗೂ ಬಾಯಿಗೂ ಒಟ್ಟಿಗೆ ಸಿಗುತ್ತವೆ. ಮೂರು ಪುಟದಲ್ಲಿ ಇಂಥ ಎರಡು-ಮೂರು ಪದ ಸಿಕ್ಕರೆ, ಬರೆದವರು ಕನ್ನಡದಲ್ಲೇ ಯೋಚಿಸಿದ್ದಾರೆ ಎಂದು ನಂಬಬಹುದು.

ಪುಸ್ತಕದ ಭಾಷೆ ನಮ್ಮ ಮನೆಯದಲ್ಲ ಎಂಬ ಚಿಂತೆ ಹಲವರದು. ಅಚ್ಚಿನಲ್ಲಿ “ಹೋಗುತ್ತಿದ್ದಾನೆ” ಎಂದಿದ್ದರೆ ಮೈಸೂರಿನ ಮನೆಯಲ್ಲಿ “ಹೋಗ್ತಿದಾನೆ” ಎಂದು ಓದಿ, ಧಾರವಾಡದ ಮನೆಯಲ್ಲಿ “ಹೊಂಟಾನ” ಎಂದು ಓದಿ. ತುಳು, ಕೊಂಕಣಿ, ಕೊಡವ, ಬ್ಯಾರಿ, ಲಂಬಾಣಿ ಮಾತಾಡುವ ಮನೆಯಾದರೆ ಚಿತ್ರ ನೋಡಿ ನಿಮ್ಮ ಮಾತಿನಲ್ಲೇ ಕಥೆ ಹೇಳಿ. ಮಗು ಅಕ್ಷರಕ್ಕೆ ಬೆರಳಿಟ್ಟು “ಇಲ್ಲಿ ಏನು ಬರೆದಿದೆ?” ಎಂದು ಕೇಳಲು ಶುರು ಮಾಡಿದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಓದಿ, ಬೇಕಾದರೆ ಪಕ್ಕದಲ್ಲಿ ನಿಮ್ಮ ಮಾತನ್ನೂ ಸೇರಿಸಿ.

7. ಅಚ್ಚು ನೋಡಿ

ಕನ್ನಡ ಅಚ್ಚಿನಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಸಾಲುಗಳ ನಡುವೆ ಜಾಗ ಕಡಿಮೆಯಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಅಂಟಿಕೊಳ್ಳುತ್ತದೆ. ಇಂಥ ಪುಸ್ತಕ ಬೇಡ. ಹಳೆಯ ಫಾಂಟಿನಿಂದ ಯೂನಿಕೋಡಿಗೆ (ಈಗ ಎಲ್ಲ ಕಂಪ್ಯೂಟರು, ಮೊಬೈಲುಗಳು ಬಳಸುವ ಅಕ್ಷರ ವ್ಯವಸ್ಥೆ) ಬದಲಾಯಿಸುವಾಗ ಅರ್ಕಾವತ್ತು, ಅಂದರೆ ‘ಸೂರ್ಯ’, ‘ವರ್ಷ’ದಲ್ಲಿ ಬರುವ ಅರ್ಧ ‘ರ’, ತಪ್ಪು ಜಾಗಕ್ಕೆ ಹೋಗಿರುವುದುಂಟು. ಅಲ್ಪಪ್ರಾಣ-ಮಹಾಪ್ರಾಣದ ತಪ್ಪುಗಳನ್ನೂ ಹುಡುಕಿ. ಮೂರು ಪುಟದಲ್ಲಿ ಎರಡು ತಪ್ಪು ಸಿಕ್ಕರೆ ಉಳಿದದ್ದನ್ನು ನೋಡುವ ಅಗತ್ಯವಿಲ್ಲ. ಬಣ್ಣದ ಚಿತ್ರದ ಮೇಲೆಯೇ ಅಕ್ಷರ ಅಚ್ಚಾಗಿದ್ದರೆ ರಾತ್ರಿ ಮಂದ ಬೆಳಕಿನಲ್ಲಿ ಓದಲು ಕಷ್ಟ; ಮಲಗಿಸುವ ಹೊತ್ತಿಗೆ ಓದುವವರು ಇದನ್ನು ಗಮನಿಸಿ.

8. ಚಿತ್ರದಲ್ಲಿ ಯಾರಿದ್ದಾರೆ?

ಹಂಚಿನ ಮನೆ, ಚಾಳು, ಫ್ಲ್ಯಾಟು, ಗದ್ದೆ, ಸಂತೆ, ಲಂಗ ತೊಟ್ಟ ಹುಡುಗಿ, ಲುಂಗಿ ಉಟ್ಟ ಅಜ್ಜ ಇವೆಲ್ಲ ಪುಸ್ತಕದಲ್ಲಿ ಇರಲಿ. ಹಿಮ, ಹಿಮಕರಡಿ ಇದ್ದರೂ ತೊಂದರೆಯಿಲ್ಲ, ಬರೀ ಅದೇ ಇದ್ದರೆ ತೊಂದರೆ. ಒಳ್ಳೆಯವರೆಲ್ಲ ಬೆಳ್ಳಗೆ, ಕಳ್ಳನೊಬ್ಬನೇ ಕಪ್ಪಗೆ ಇರುವ ಪುಸ್ತಕವನ್ನು ಯಾವ ಕಾರಣಕ್ಕೂ ಕೊಳ್ಳಬೇಡಿ. ಅಮ್ಮ ಪ್ರತಿ ಪುಟದಲ್ಲೂ ಒಲೆಯ ಮುಂದೆ, ಅಪ್ಪ ಪ್ರತಿ ಪುಟದಲ್ಲೂ ಪೇಪರಿನ ಹಿಂದೆ ಇದ್ದರೆ ಅದನ್ನೂ ಕೆಳಗಿಡಿ. ಮೂರು ವರ್ಷದ ಮಗು ಚಿತ್ರವನ್ನು ನಿಜವೆಂದೇ ನೋಡುತ್ತದೆ.

9. ಎಲ್ಲಿ ಸಿಗುತ್ತದೆ?

ಕಡಿಮೆ ಖರ್ಚಿನಿಂದ ಶುರು ಮಾಡೋಣ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಸ್ಟೋರಿವೀವರ್ ಎಂಬ ಜಾಲತಾಣ ತೆರೆಯಿತು. ಅಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು, ಅಚ್ಚು ಹಾಕಿಸಬಹುದು. ಅವು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ, ಅಂದರೆ ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡು ಯಾರು ಬೇಕಾದರೂ ಹಂಚಬಹುದು. ಪುಸ್ತಕಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ. ನಮ್ಮ ಮಕ್ಕಳಿಗೆ ಹಂತ 1 ಸಾಕು, ಐದು ವರ್ಷದ ಹೊತ್ತಿಗೆ ಹಂತ 2. ಯಾರು ಬೇಕಾದರೂ ಅನುವಾದ ಮಾಡಿ ಸೇರಿಸಬಹುದಾದ್ದರಿಂದ ಎಲ್ಲದರ ಗುಣಮಟ್ಟ ಒಂದೇ ಥರ ಇಲ್ಲ. ಮೇಲೆ ಆರನೆಯದಾಗಿ ಹೇಳಿದ, ಜೋರಾಗಿ ಓದಿ ನೋಡುವ ಪರೀಕ್ಷೆ ಇಲ್ಲಿ ಖಂಡಿತ ಬೇಕು.

ಅದನ್ನು ಮೊಬೈಲಿನಲ್ಲೇ ತೋರಿಸಬಹುದಲ್ಲ ಎಂದು ಕೇಳುತ್ತೀರಿ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ಭಾರತೀಯ ಮಕ್ಕಳ ವೈದ್ಯರ ಸಂಘ, ಐಎಪಿಯ ಸಲಹೆ. ಕಾಗದದ ಮೇಲೆ ಅಚ್ಚು ಹಾಕಿಸಿ, ಮಧ್ಯೆ ಸೂಜಿದಾರದಿಂದ ಹೊಲಿಯಿರಿ. ಸ್ಟೇಪ್ಲರ್ ಪಿನ್ನು ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ.

ಕೊಳ್ಳುವುದಾದರೆ ಪ್ರಥಮ್ ಬುಕ್ಸ್‌ನ ಅಚ್ಚಾದ ಪುಸ್ತಕಗಳು, ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆಯವು, ನವಕರ್ನಾಟಕದ ಮಕ್ಕಳ ಪುಸ್ತಕಗಳು ಇವೆ. ಚೆನ್ನೈನ ತೂಲಿಕಾ ಪ್ರಕಾಶನ ಕನ್ನಡದಲ್ಲೂ ಪ್ರಕಟಿಸುತ್ತದೆ. ಅದರ ದ್ವಿಭಾಷಾ ಪುಸ್ತಕಗಳಲ್ಲಿ ಒಂದೇ ಪುಟದಲ್ಲಿ ಕನ್ನಡವೂ ಇಂಗ್ಲಿಷೂ ಇರುತ್ತವೆ. ಅಪ್ಪನಿಗೆ ಒಂದು ಭಾಷೆ, ಅಮ್ಮನಿಗೆ ಇನ್ನೊಂದು ಇರುವ ಮನೆಗೂ, ಕನ್ನಡ ಲಿಪಿ ಮರೆತಿರುವ ಹೊರನಾಡಿನ ತಂದೆತಾಯಿಗೂ ಇವು ಅನುಕೂಲ. ಒಂದು ಎಚ್ಚರಿಕೆ: ಒಂದು ಸಲಕ್ಕೆ ಒಂದೇ ಭಾಷೆಯಲ್ಲಿ ಪೂರ್ತಿ ಓದಿ. ಸಾಲಿಗೊಂದು ಸಲ ಭಾಷೆ ಬದಲಿಸಿದರೆ ಕಥೆ ತುಂಡಾಗುತ್ತದೆ.

ಗ್ರಂಥಾಲಯವನ್ನು ಮರೆಯಬೇಡಿ. ಕರ್ನಾಟಕದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನೀವು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತಲೇ ಇದ್ದೀರಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಹೋಗಿ, ಚಿಕ್ಕ ಮಕ್ಕಳ ಚಿತ್ರಪುಸ್ತಕ ಯಾವುದಿದೆ ಎಂದು ಮೇಲ್ವಿಚಾರಕರನ್ನು ಕೇಳಿ. ಇಲ್ಲವೆಂದರೆ ತರಿಸಿಕೊಡಿ ಎಂದು ಬರೆದು ಕೊಡಿ. ಕೇಳುವವರಿಲ್ಲದಿದ್ದರೆ ತರಿಸುವವರೂ ಇರುವುದಿಲ್ಲ.

10. ಮನೆಗೆ ತಂದ ಮೇಲೆ

ಹತ್ತು ಪುಸ್ತಕ ಇದ್ದರೆ ಧಾರಾಳ. ಐದನ್ನು ಮಗುವಿನ ಕೈಗೆಟುಕುವ ಎತ್ತರದಲ್ಲಿ, ಮುಖಪುಟ ಕಾಣುವಂತೆ ನಿಲ್ಲಿಸಿಡಿ. ಉಳಿದ ಐದನ್ನು ಒಳಗಿಟ್ಟು ಹದಿನೈದು ದಿನಕ್ಕೊಮ್ಮೆ ಬದಲಿಸಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಪುಸ್ತಕವನ್ನು ಗೋಡೆಗೆ ತಾಗಿಸಿ ಇಡಬೇಡಿ, ರಟ್ಟು ಉಬ್ಬಿ ಬೂಸ್ಟು ಹಿಡಿಯುತ್ತದೆ. ಬಿಸಿಲು ಬಂದ ದಿನ ತೆರೆದಿಟ್ಟು ಒಣಗಿಸಿ.

ಓದುವಾಗ “ಇದು ಯಾವ ಬಣ್ಣ? ಎಷ್ಟಿವೆ ಎಣಿಸು” ಎಂದು ಪರೀಕ್ಷೆ ಮಾಡಬೇಡಿ. “ಅಯ್ಯೋ, ಈಗೇನಾಯ್ತು?”, “ಅದು ಎಲ್ಲಿಗೆ ಹೊರಟಿತು?” ಎಂದು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿರಿ. ಮಗು ಒಂದು ಪದ ಹೇಳಿದರೆ ಅದಕ್ಕೆ ನೀವು ಎರಡು ಸೇರಿಸಿ ಹೇಳಿ: “ನಾಯಿ” ಎಂದರೆ “ಹೌದು, ಒದ್ದೆ ನಾಯಿ, ಮೈ ಕೊಡವ್ತಾ ಇದೆ.” ನಡುವೆ ಎದ್ದು ಓಡಿಹೋದರೆ ಹಿಡಿದು ಕೂರಿಸಬೇಡಿ, ಆಡಲಿ. ನೀವು ಓದುತ್ತಲೇ ಇರಿ, ಕಿವಿ ಇಲ್ಲೇ ಇರುತ್ತದೆ.

ಹರಿಯುತ್ತಾಳೆ ಎಂದು ಕೇಳಿದ ಆ ತಾಯಿಗೆ: ಕಾಯಬೇಡಿ. ಎರಡು ವರ್ಷದ ಬೆರಳಿಗೆ ತೆಳು ಹಾಳೆ ತಿರುವುವುದು ಇನ್ನೂ ಕಲಿಯಬೇಕಾದ ಕೆಲಸ, ಅದು ತುಂಟತನವಲ್ಲ. ರಟ್ಟಿನ ಪುಸ್ತಕಗಳನ್ನು ಅವಳ ಕೈಗೆ ಬಿಡಿ, ಹಾಳೆಯ ಪುಸ್ತಕಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದಿ. ಹರಿಯಲು ಹಳೆಯ ದಿನಪತ್ರಿಕೆಯೊಂದನ್ನು ಬೇರೆಯೇ ಕೊಡಿ. ಹರಿದ ಪುಟಕ್ಕೆ ಅವಳ ಎದುರಲ್ಲೇ ಕೂತು ಟೇಪ್ ಹಚ್ಚಿ, ಒಂದು ತುದಿಯನ್ನು ಅವಳಿಗೇ ಹಿಡಿಯಲು ಕೊಡಿ.